ಬಾಲ್ಕನಿಯಲ್ಲಿ ಯೆಜ್ಡಿ: ಹಳೆ ಎಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟುವ ಬಗೆ

ಈ ಯೆಜ್ಡಿ ಬೈಕಿನ ಎಂಜಿನ್ನನ್ನು ನಾನು ಎರಡು ಸಲ ಬಿಚ್ಚಿದ್ದೇನೆ. ಮೊದಲ ಸಲವೇ ಸರಿಯಾಗಿ ಮಾಡಿದ್ದರೆ ಎರಡನೇ ಸಲ ಬಿಚ್ಚುವ ಅಗತ್ಯವೇ ಇರುತ್ತಿರಲಿಲ್ಲ. ಮೊದಲ ಸಲ ಬೋರಿಂಗ್ ಮಾಡಿಸಿದೆ (ಸವೆದ ಸಿಲಿಂಡರನ್ನು ಒಳಗಿಂದ ಕೊರೆಸುವುದು), ಹೊಸ ಪಿಸ್ಟನ್ ಹಾಕಿದೆ, ಕವರ್‌ಗಳನ್ನು ಕನ್ನಡಿ ಥರ ಪಾಲಿಶ್ ಮಾಡಿಸಿದೆ. ಪಿಸ್ಟನ್ ತಿರುಗಿಸುವ ಶಾಫ್ಟ್, ಅಂದರೆ ಕ್ರಾಂಕಿನ ಎರಡು ಆಯಿಲ್ ಸೀಲ್ ಮಾತ್ರ ನೋಡೋಕೆ ಚೆನ್ನಾಗಿಯೇ ಇವೆಯಲ್ಲ ಎಂದು ಹಾಗೇ ಬಿಟ್ಟೆ. ಗಾಡಿ ಸ್ಟಾರ್ಟ್ ಆಯಿತು. ಪುಣೆ ಪಕ್ಕದ ಚಿಂಚವಡದ ನಮ್ಮ ಸೊಸೈಟಿಯ ಪಾರ್ಕಿಂಗ್ ತುಂಬ ಬಿಳಿ ಹೊಗೆ. ವಾಚ್‌ಮನ್ ಬಕೆಟ್ ನೀರು ಹಿಡಿದು ಓಡಿಬಂದ. ಎರಡು ವಾರದಲ್ಲಿ ಗೇರ್ ಆಯಿಲ್ ಅರ್ಧ ಖಾಲಿ. ಅದೆಲ್ಲ ಸೀಲ್ ದಾಟಿ ಎಂಜಿನ್ ಒಳಗೆ ಹೋಗಿ ಸುಟ್ಟಿತ್ತು.

ಅದಕ್ಕೇ ಈ ಲೇಖನದಲ್ಲಿ ಪಾಲಿಶ್, ಪೇಂಟ್ ಬಗ್ಗೆ ಏನೂ ಇಲ್ಲ. ಎಂಜಿನ್ ಒಳಗಿನದಷ್ಟೇ ಹೇಳುತ್ತೇನೆ.

ನನ್ನ ಕೈಗೆ ಬಂದದ್ದು ಮೈಸೂರಿನ ದೊಡ್ಡಪ್ಪ ಓಡಿಸಿ ಬಿಟ್ಟಿದ್ದ ಯೆಜ್ಡಿ 250. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ತಯಾರಾಗುತ್ತಿತ್ತು. 1973ರಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ನಿಂತಿತು. ಕಾರ್ಖಾನೆ ಕಟ್ಟಿದ ರುಸ್ತುಂ ಇರಾನಿ ಅವರ ಮನೆತನದ ಬೇರು ಇರಾನಿನ ಯಜ್ದ್ ಕಡೆಯದು, ಯೆಜ್ಡಿ ಹೆಸರಿನ ಮೂಲವೂ ಅದೇ. ಪುಣೆಯ ಇರಾನಿ ಹೋಟೆಲಿನಲ್ಲಿ ಬನ್ ಮಸ್ಕಾ ತಿನ್ನುವಾಗ ಇದು ನೆನಪಾಗಿ ಖುಷಿಯಾಗುತ್ತದೆ. ಅಲ್ಲಿಯ ಎಷ್ಟೋ ಕುಟುಂಬಗಳೂ ಅದೇ ಕಡೆಯಿಂದ ಬಂದವು, ಅಲ್ವಾ.

ಮನೆಯಲ್ಲಿ ಕಲಿಯೋಕೆ ಇದಕ್ಕಿಂತ ಒಳ್ಳೆ ಎಂಜಿನ್ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಒಂದೇ ಸಿಲಿಂಡರ್, ಟೂ ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ನಿಮ್ಮದು ರಾಜ್‌ದೂತ್ ಆಗಲಿ, ಆರ್‌ಎಕ್ಸ್ 100 ಆಗಲಿ, ಬೋಲ್ಟುಗಳ ಜಾಗ ಬೇರೆ ಇರಬಹುದು. ಮುಖ್ಯ ಕೆಲಸ ಇದೇ.

ಬಿಚ್ಚುವ ಮೊದಲು

ಮೊದಲು ಆರ್‌ಸಿ ಪುಸ್ತಕ ತೆಗೆದು ಎಂಜಿನ್ ನಂಬರ್ ಹೋಲಿಸಿ ನೋಡಿ. ನಂಬರ್ ಕೊರೆದಿರುವ ಕ್ರಾಂಕ್‌ಕೇಸನ್ನು (ಕ್ರಾಂಕ್ ಕೂರುವ ಡಬ್ಬ) ಯಾವ ಕಾರಣಕ್ಕೂ ಬದಲಾಯಿಸಬೇಡಿ. ಅದರ ಮೇಲೆ ಎಮರಿ ಪೇಪರ್ ಉಜ್ಜಬೇಡಿ, ಸ್ಯಾಂಡ್ ಬ್ಲಾಸ್ಟಿಂಗ್‌ಗೂ ಕೊಡಬೇಡಿ. ಕರ್ನಾಟಕದ ಗಾಡಿಯನ್ನು ಮಹಾರಾಷ್ಟ್ರಕ್ಕೆ ವರ್ಗ ಮಾಡಿಸುವವರಿಗೆ ಎನ್‌ಒಸಿಯಿಂದ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಹಿಡಿದು ತಪಾಸಣೆಯವರೆಗೆ ಎಲ್ಲ ನಿಂತಿರುವುದು ಆ ನಂಬರಿನ ಮೇಲೆ. 50 ವರ್ಷ ದಾಟಿದ ಗಾಡಿಯಾದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಆದರೆ ಅದರಲ್ಲಿ ದಿನಾ ಆಫೀಸಿಗೆ ಹೋಗುವ ಹಾಗಿಲ್ಲ.

ಜಾಗ ಜಾಸ್ತಿ ಬೇಡ. ನನ್ನ ಬಾಲ್ಕನಿ ಆರಡಿ ಉದ್ದ, ನಾಲ್ಕಡಿ ಅಗಲ. ಒಂದು ಹಳೆ ಟೇಬಲ್, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಹಳೆ ಬೆಡ್‌ಶೀಟ್. ಬಿಳಿ ಬೆಡ್‌ಶೀಟ್ ಆದರೆ ಬಿದ್ದ ಸ್ಕ್ರೂ ತಕ್ಷಣ ಕಾಣುತ್ತದೆ. ಯಾವುದಕ್ಕೂ ಮನೆಯವರನ್ನು ಕೇಳಿ ತೆಗೆದುಕೊಳ್ಳಿ.

ಹತ್ಯಾರುಗಳಲ್ಲಿ ಮೂರಕ್ಕೆ ಮಾತ್ರ ದುಡ್ಡು ಹಾಕಿ. ಒಂದು ಇಂಪ್ಯಾಕ್ಟ್ ಡ್ರೈವರ್. ಸುತ್ತಿಗೆಯಿಂದ ಹೊಡೆದರೆ ಸ್ಕ್ರೂವನ್ನು ಒತ್ತಿಕೊಂಡೇ ತಿರುಗಿಸುವಂಥದ್ದು. ಕವರ್ ಸ್ಕ್ರೂಗಳ ತಲೆ ಹಾಳಾಗದೆ ಬಿಚ್ಚಲು ಬೇರೆ ದಾರಿ ಇಲ್ಲ. ಎರಡನೆಯದು ನಿಮ್ಮ ಮಾಡೆಲ್‌ಗೆ ಹೊಂದುವ ಪುಲ್ಲರ್, ಕಚ್ಚಿಕೊಂಡ ಭಾಗವನ್ನು ಎಳೆದು ತೆಗೆಯುವಂಥದ್ದು. ಮೂರನೆಯದು ಫೀಲರ್ ಗೇಜ್, ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು. ಉಳಿದ ಸ್ಪ್ಯಾನರ್, ಸಾಕೆಟ್ ಎಲ್ಲ ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಸಿಗುತ್ತವೆ. ಪುರುಸೊತ್ತಿದ್ದರೆ ಬುಧವಾರ ಇಲ್ಲವೇ ಭಾನುವಾರ ಜೂನಾ ಬಜಾರಿಗೆ ಹೋಗಿ. ನನ್ನ ಪುಲ್ಲರ್ ಅಲ್ಲೇ ಸಿಕ್ಕಿದ್ದು. ಮಾರುತ್ತಿದ್ದವನಿಗೂ ಅದು ಏನೆಂದು ಗೊತ್ತಿರಲಿಲ್ಲ.

ಎಂಜಿನ್ ಜಾಮ್ ಆಗಿದ್ದರೆ

ಹತ್ತು ಹದಿನೈದು ವರ್ಷ ನಿಂತ ಗಾಡಿಯಲ್ಲಿ ಕಿಕ್ ಕೆಳಗೇ ಇಳಿಯದಿರುವುದು ಮಾಮೂಲು. ಪುಣೆಯ ನಾಲ್ಕು ತಿಂಗಳ ಮಳೆಗಾಲ ಕಂಡ ಗಾಡಿಯಾದರೆ ಕೇಳುವುದೇ ಬೇಡ. ಬೀಡುಕಬ್ಬಿಣದ ಸಿಲಿಂಡರಿಗೆ ತುಕ್ಕು, ಅದರೊಳಗೆ ಪಿಸ್ಟನ್ ಸುತ್ತಲಿನ ರಿಂಗ್ ಅಂಟಿಕೊಂಡಿರುತ್ತದೆ.

ಆಗ ಕಿಕ್ ಮೇಲೆ ನಿಂತು ಹಾರಬೇಡಿ. ಕಿಕ್ ಶಾಫ್ಟಿನ ಹಲ್ಲು ಮುರಿದರೆ ಆ ಭಾಗ ಹುಡುಕುವುದು ಪಿಸ್ಟನ್ ಹುಡುಕುವುದಕ್ಕಿಂತ ಕಷ್ಟ. ಪ್ಲಗ್ ಬಿಚ್ಚಿ. ಡೀಸೆಲ್ ಮತ್ತು ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಅರ್ಧರ್ಧ ಬೆರೆಸಿ ಒಂದು ಟೀ ಲೋಟದಷ್ಟು ಒಳಗೆ ಸುರಿಯಿರಿ. ನಾಲ್ಕು ದಿನ ಬಿಡಿ. ಇಳಿದುಹೋದರೆ ಇನ್ನಷ್ಟು ಹಾಕಿ. ಆಮೇಲೆ ಟಾಪ್ ಗೇರ್ ಹಾಕಿ ಹಿಂದಿನ ಚಕ್ರ ಹಿಡಿದು ಮುಂದೆ ಹಿಂದೆ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಅದು ಬಿಡುತ್ತದೆ ಎಂದರ್ಥ. ನನ್ನದು ಒಂಬತ್ತನೇ ದಿನ ಬಿಟ್ಟಿತು. ಹೆಡ್ ತೆಗೆದು ಪಿಸ್ಟನ್ ತಲೆಗೆ ಸುತ್ತಿಗೆಯಲ್ಲಿ ಹೊಡೆದವರ ಎಂಜಿನ್ನನ್ನೂ ನೋಡಿದ್ದೇನೆ. ಪಿಸ್ಟನ್ನಿನ ಜೊತೆಗೆ ಕನೆಕ್ಟಿಂಗ್ ರಾಡ್ ಕೂಡ ಬಾಗಿತ್ತು.

ಬಿಚ್ಚುವುದು

ಗೇರ್ ಆಯಿಲನ್ನು ಮೊದಲು ಒಂದು ಬಿಳಿ ಡಬ್ಬಕ್ಕೆ ಇಳಿಸಿ. ಹಾಲು ಹಾಕಿದ ಕಾಫಿ ಬಣ್ಣವಿದ್ದರೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಬಂದರೆ ಎಡಗಡೆಯ ಕ್ರಾಂಕ್ ಸೀಲ್ ಹೋಗಿದೆ. ಮೊದಲ ಸಲ ಬಿಚ್ಚಿದಾಗ ನನ್ನ ಡಬ್ಬದಿಂದಲೂ ಆ ವಾಸನೆ ಬಂದಿತ್ತು. ಹಳೆ ಗಾಡಿ ಹೀಗೇ ಇರುತ್ತದೆ ಎಂದುಕೊಂಡು ಸುಮ್ನೆ ಆದೆ.

ಪ್ರತಿ ಭಾಗ ಬಿಚ್ಚುವ ಮುಂಚೆ ಒಂದು ಫೋಟೋ, ಬಿಚ್ಚಿದ ಮೇಲೆ ಒಂದು ಫೋಟೋ. ಕವರ್ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ತೂತಿನ ಸ್ಕ್ರೂ ಯಾವುದೋ ಅಲ್ಲೇ ಚುಚ್ಚಿಡಿ. ಸಣ್ಣ ವಾಶರ್, ಶಿಮ್‌ಗಳಿಗೆ ಮೊಟ್ಟೆ ಟ್ರೇ ಒಳ್ಳೆಯದು.

ಜಾವಾ, ಯೆಜ್ಡಿಯಲ್ಲಿ ಕಿಕ್ಕೂ ಗೇರ್ ಲಿವರೂ ಒಂದೇ ಎಂಬುದು ಓಡಿಸಿದವರಿಗೆಲ್ಲ ಗೊತ್ತು. ಅದು ಎಡಗಡೆ. ಆ ಲಿವರ್ ತೆಗೆದರೆ ಎಡ ಕವರ್, ಅದರೊಳಗೆ ಕ್ಲಚ್ ಮತ್ತು ಪ್ರೈಮರಿ ಚೈನ್. ಬಲಗಡೆ ಡೈನಮೋ. ಡೈನಮೋದ ಆರ್ಮೇಚರ್ ಕ್ರಾಂಕಿನ ಕಿರಿದಾಗುತ್ತ ಹೋಗುವ ತುದಿಯ (ಟೇಪರ್) ಮೇಲೆ ಕಚ್ಚಿಕೊಂಡಿರುತ್ತದೆ. ಅದನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಪುಲ್ಲರ್ ಬೋಲ್ಟ್ ಹಾಕಿ ಬಿಗಿ ಮಾಡಿ, ಬೋಲ್ಟಿನ ತಲೆಗೆ ಒಂದು ಚಿಕ್ಕ ಪೆಟ್ಟು ಕೊಡಿ. ಟಕ್ ಎಂದು ಬಿಡುತ್ತದೆ. ಕ್ಲಚ್ಚಿನ ನಡುವಿನ ನಟ್ ಬಿಚ್ಚುವಾಗ ಅದು ಯಾವ ಕಡೆ ತಿರುಗುತ್ತದೆ ಎಂದು ಮ್ಯಾನುವಲ್ ನೋಡಿಯೇ ಕೈ ಹಾಕಿ. ಹಳೆ ಎಂಜಿನ್‌ಗಳಲ್ಲಿ ಉಲ್ಟಾ ತ್ರೆಡ್ಡಿನ ನಟ್ ಇರುವುದುಂಟು. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡುತ್ತಾ ಕೂತರೆ ಕೊನೆಗೆ ಶಾಫ್ಟೇ ಹೋಗುತ್ತದೆ.

ಸಿಲಿಂಡರ್ ಮೇಲೆತ್ತಿದ ಕೂಡಲೇ ಕೆಳಗೆ ಕಾಣುವ ಕ್ರಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ತಂತಿ ಉಂಗುರ, ಸರ್ಕ್ಲಿಪ್, ಹಾರಿದರೆ ನೇರ ಅಲ್ಲಿಗೇ ಬೀಳುವುದು.

ಕ್ರಾಂಕ್‌ಕೇಸಿನ ಎರಡು ಹೋಳು ಬೇರೆ ಮಾಡುವಾಗ ತಾಳ್ಮೆ ಬೇಕು. ಎರಡು ಸೇರುವ ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿದರೆ ಗೀರು ಬೀಳುತ್ತದೆ, ಅಲ್ಲಿಂದ ಜೀವಮಾನವಿಡೀ ಗಾಳಿ ಸೋರುತ್ತದೆ. ಬದಲಿಗೆ ಬೇರಿಂಗ್ ಕೂತಿರುವ ಜಾಗದ ಸುತ್ತ ಹಾಟ್ ಏರ್ ಗನ್ನಿನಿಂದ ಬಿಸಿ ಮಾಡಿ. ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ಒಂದು ಹನಿ ನೀರು ಚಿಮುಕಿಸಿದರೆ ಚುಂಯ್ ಎನ್ನಬೇಕು, ಅಷ್ಟು ಬಿಸಿ ಸಾಕು. ಆಮೇಲೆ ಮರದ ಸುತ್ತಿಗೆಯಿಂದ ಸುತ್ತ ತಟ್ಟಿದರೆ ತಾನೇ ಬಿಡುತ್ತದೆ. ಬಿಸಿ ಮಾಡುವ ಮುಂಚೆ ಪೆಟ್ರೋಲ್, ಡೀಸೆಲ್ ಒರೆಸಿದ ಬಟ್ಟೆಗಳನ್ನೆಲ್ಲ ಬಾಲ್ಕನಿಯಿಂದ ಹೊರಗೆ ಸಾಗಿಸಿ.

ತೊಳೆಯುವುದು

ಡೀಸೆಲ್ ಮತ್ತು ಹಳೆ ಟೂತ್‌ಬ್ರಶ್, ಆಮೇಲೆ ಪಾತ್ರೆ ತೊಳೆಯುವ ಸೋಪು, ಬಿಸಿನೀರು. ಇಷ್ಟೇ. ಪಿಸ್ಟನ್ ತಲೆ, ಹೆಡ್‌ನ ಒಳಗಿನ ಕಾರ್ಬನ್ನನ್ನು ಬಿದಿರಿನ ಚೂರಿನಿಂದ ಕೆರೆಯಿರಿ, ಚಾಕು ಬೇಡ. ಸೈಲೆನ್ಸರ್ ಒಳಗಿನ ಕಾರ್ಬನ್ನಿಗೆ ಕಾಸ್ಟಿಕ್ ಸೋಡಾ ಬಳಸುವವರಿದ್ದಾರೆ. ಉಕ್ಕಿನ ಭಾಗಕ್ಕೆ ಅದು ಸರಿ. ಅಲ್ಯೂಮಿನಿಯಂಗೆ ತಾಗಿದರೆ ಲೋಹವನ್ನೇ ತಿಂದುಹಾಕುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಅದನ್ನು ಮುಟ್ಟಲೇಬೇಡಿ.

ಬೋರಿಂಗ್: ಇದು ಮನೆಯ ಕೆಲಸವಲ್ಲ

ಮೊದಲು ಬೆರಳು. ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರು ಆಡಿಸಿ. ರಿಂಗ್ ಹೋಗಿ ನಿಲ್ಲುವ ಜಾಗದಲ್ಲಿ ಮೆಟ್ಟಿಲಿನಂತೆ ಉಗುರಿಗೆ ತಡೆದರೆ ಸವೆದಿದೆ. ಪಿಸ್ಟನ್ನಿನ ಬದಿಯಲ್ಲಿ ಮೇಲಿಂದ ಕೆಳಗೆ ಗೀರು ಇದ್ದರೆ ಯಾವತ್ತೋ ಎಂಜಿನ್ ಕಾದು ಹಿಡಿದುಕೊಂಡಿತ್ತು. ಆದರೆ ಬೋರಿಂಗ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ಬೆರಳು ಸಾಲದು. ಬೋರ್ ಗೇಜ್ ಬೇಕು. ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ, ಒಟ್ಟು ಆರು ಅಳತೆ.

ನಾನು ಹೋದದ್ದು ಭೋಸರಿಯ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಒಂದು ಚಿಕ್ಕ ವರ್ಕ್‌ಶಾಪಿಗೆ. ಅಲ್ಲಿನ ಹಿರಿಯ ಕೆಲಸಗಾರರು ವಿಜಯಪುರದ ಕಡೆಯವರು. ನನ್ನ ಮರಾಠಿ ಕೇಳಿದ ಎರಡೇ ನಿಮಿಷಕ್ಕೆ ಕನ್ನಡಕ್ಕೆ ಬಂದರು. ಸಿಲಿಂಡರ್ ಕೈಗೆ ಕೊಟ್ಟು, "ಕಾಕಾ, ಇದನ್ನ ಒಂದು ಸೈಜ್ ಬೋರ್ ಮಾಡಿಕೊಡಿ" ಎಂದೆ.

"ಪಿಸ್ಟನ್ ಎಲ್ಲೈತ್ರಿ?"

"ಇನ್ನೂ ತಗೊಂಡಿಲ್ಲ. ಬೋರ್ ಆದಮೇಲೆ ತರ್ತೀನಿ."

"ಅಂಗಿ ಹೊಲಸಿ ಆಮ್ಯಾಲ ಮನಿಷಾನ್ನ ಹುಡುಕ್ತೀರೇನ್ರಿ ಸರ? ಮೊದಲ ಪಿಸ್ಟನ್ ತರ್ರಿ. ಅದನ್ನ ಅಳದು ಆಮ್ಯಾಲ ಬೋರ್."

ಇದೇ ಸರಿಯಾದ ಕ್ರಮ. ಪಿಸ್ಟನ್‌ಗಳು 0.25, 0.50, 0.75, 1.00 ಮಿ.ಮೀ. ಹೀಗೆ ಓವರ್‌ಸೈಜಿನಲ್ಲಿ ಬರುತ್ತವೆ. ಆದರೆ ಡಬ್ಬದ ಮೇಲಿನ ನಂಬರ್ ಒಂದು, ಒಳಗಿನ ಪಿಸ್ಟನ್ನಿನ ನಿಜವಾದ ಅಳತೆ ಇನ್ನೊಂದು ಆಗಿರುವುದು ಸಾಮಾನ್ಯ. ಕೈಯಲ್ಲಿರುವ ಪಿಸ್ಟನ್ನಿಗೆ ತಕ್ಕಂತೆ ಬೋರ್ ಆಗಬೇಕು. ನನ್ನ ಎಂಜಿನ್ನಿನ ಮೂಲ ಬೋರ್ 65 ಮಿ.ಮೀ., ಸ್ಟ್ರೋಕ್ 75. ಪಿಸ್ಟನ್ ಮತ್ತು ಸಿಲಿಂಡರ್ ನಡುವೆ ಕಾಕಾ ಬಿಟ್ಟ ಸಂದು 0.07 ಮಿ.ಮೀ. ಸಂದು ಕಡಿಮೆಯಾದರೆ ಕಾದಾಗ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಜಾಸ್ತಿಯಾದರೆ ಕಟಕಟ ಸದ್ದು ಮಾಡುತ್ತದೆ.

ಪಿಸ್ಟನ್ ಹುಡುಕಿ ನಾನಾ ಪೇಠೆ ಸುತ್ತಿದೆ. ಪುಣೆಯಲ್ಲಿ ಗಾಡಿ ಸ್ಪೇರ್ಸ್ ಎಂದರೆ ಅದೇ. ಒಂದು ಮಾತು ಹೇಳುತ್ತೇನೆ, ಅಂಗಡಿಯವರು ಬೇಜಾರು ಮಾಡಿಕೊಳ್ಳಬಾರದು. ಹೊಸ ನಕಲಿ ಭಾಗಕ್ಕಿಂತ ಅರ್ಧ ಸವೆದ ಹಳೆ ಅಸಲಿ ಭಾಗ ಎಷ್ಟೋ ವಾಸಿ. ಪಿಸ್ಟನ್, ರಿಂಗ್, ಬೇರಿಂಗ್, ಸೀಲ್ ಹೊಸದು ತೆಗೆದುಕೊಳ್ಳಲೇಬೇಕು. ಆದರೆ ಗೇರ್, ಶಾಫ್ಟ್, ಕ್ಲಚ್ ಡ್ರಮ್ ಅಳತೆಯಲ್ಲಿ ಚೆನ್ನಾಗಿದ್ದರೆ ಅವನ್ನೇ ಇಟ್ಟುಕೊಳ್ಳಿ. ಬಿಚ್ಚಿದ ಹಳೆಯ ಭಾಗಗಳನ್ನೂ ಎಂಜಿನ್ ಓಡಿ ತಿಂಗಳಾಗುವವರೆಗೆ ಗುಜರಿಗೆ ಹಾಕಬೇಡಿ.

ಬೋರ್ ಆದಮೇಲೆ ಪೋರ್ಟ್‌ಗಳ ಅಂಚು ಬ್ಲೇಡಿನ ಹಾಗಿರುತ್ತದೆ. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿವೆಯಲ್ಲ, ಅವು. ರಿಂಗ್ ಅದಕ್ಕೆ ಸಿಕ್ಕಿಕೊಂಡರೆ ಮುರಿಯುತ್ತದೆ. ಆ ಅಂಚನ್ನು ಸಣ್ಣ ಅರದಿಂದ ಒಂಚೂರು ಮಣಿಸಲೇಬೇಕು. ಬೋರಿಂಗ್ ಮಾಡುವ ಎಲ್ಲರೂ ಇದನ್ನು ಮಾಡುವುದಿಲ್ಲ, ಕೇಳಿ ಮಾಡಿಸಿ. ಮನೆಗೆ ತಂದಮೇಲೆ ಸಿಲಿಂಡರನ್ನು ಸೋಪು, ಬಿಸಿನೀರಿನಲ್ಲಿ ತಿಕ್ಕಿ. ಬಿಳಿ ಬಟ್ಟೆ ಉಜ್ಜಿದರೆ ಬೂದು ಬಣ್ಣ ಹತ್ತಬಾರದು. ಬೋರ್ ನಯಗೊಳಿಸುವ ಹೋನಿಂಗ್ ಕಲ್ಲಿನ ಪುಡಿ ಡೀಸೆಲ್‌ಗೆ ಹೋಗುವುದಿಲ್ಲ, ಸೋಪಿಗೇ ಹೋಗುವುದು. ಒಣಗಿದ ಕೂಡಲೇ ಎಣ್ಣೆ ಹಚ್ಚಿ, ಇಲ್ಲದಿದ್ದರೆ ಜುಲೈ ತಿಂಗಳ ಪುಣೆಯಲ್ಲಿ ಒಂದು ರಾತ್ರಿಯೊಳಗೆ ತುಕ್ಕು ಕಾಣಿಸುತ್ತದೆ.

ಕ್ರಾಂಕಿನ ಕೆಲಸವೂ ಮನೆಯದ್ದಲ್ಲ. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಬೇಕು. ಮೇಲೆ ಕೆಳಗೆ ಒಂದಿಷ್ಟೂ ಆಡಬಾರದು. ಟಕ್ ಟಕ್ ಎಂದರೆ ರಾಡ್ ಕಿಟ್ ಬದಲಿಸಬೇಕು. ಅದನ್ನು ಪ್ರೆಸ್ಸಿನಲ್ಲಿ ಬಿಚ್ಚಿ, ಕೂಡಿಸಿ, ಡಯಲ್ ಗೇಜ್ ಇಟ್ಟು ಓರೆ ತೆಗೆಯುವವರ ಕೈಗೇ ಕೊಡಿ.

ಸೀಲ್, ಬೇರಿಂಗ್

ಟೂ ಸ್ಟ್ರೋಕಿನಲ್ಲಿ ಕ್ರಾಂಕ್‌ಕೇಸ್ ಬರೀ ಡಬ್ಬ ಅಲ್ಲ. ಅದು ಪಂಪು. ಪಿಸ್ಟನ್ ಮೇಲೆ ಹೋದಾಗ ಅದರೊಳಗೆ ಗಾಳಿ ಪೆಟ್ರೋಲ್ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ತಿತ್ತಿಯ ಹಾಗೆ. ತಿತ್ತಿಗೆ ತೂತು ಬಿದ್ದರೆ ಕುಲುಮೆ ಉರಿಯುತ್ತದೆಯೇ? ಆ ತಿತ್ತಿಯ ಎರಡು ಬದಿಯಲ್ಲಿ ಶಾಫ್ಟ್ ಹೊರಬರುವ ಜಾಗವನ್ನು ಮುಚ್ಚುವುದು ಎರಡು ರಬ್ಬರ್ ಸೀಲ್.

ಎಡಗಡೆಯದು ಸೋತರೆ ಗೇರ್ ಆಯಿಲ್ ಒಳಗೆ ಹೋಗಿ ಹೊಗೆ. ಎಂಜಿನ್ ಕಾದಮೇಲೂ ನಿಲ್ಲದ ಹೊಗೆ. ಬಲಗಡೆ ಡೈನಮೋ ಬದಿಯದು ಸೋತರೆ ಹೊರಗಿನ ಗಾಳಿ ಒಳಗೆ. ಆಗ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಐಡ್ಲಿಂಗ್ ತಾನಾಗೇ ಏರುತ್ತದೆ, ಎಂಜಿನ್ ಕಾಯುತ್ತದೆ, ಕೊನೆಗೆ ಹೊಸ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ. ಜನ ಕಾರ್ಬೊರೇಟರ್ ಬದಲಿಸುತ್ತಾರೆ, ಪ್ಲಗ್ ಬದಲಿಸುತ್ತಾರೆ, ಬೋರಿಂಗ್ ಮಾಡಿದವನನ್ನು ಬೈಯುತ್ತಾರೆ. ಸೀಲ್ ಕಡೆ ನೋಡುವುದೇ ಇಲ್ಲ. ನಾನೂ ನೋಡಲಿಲ್ಲ.

ಬಹುತೇಕ ಸೀಲಿನ ಮೇಲೆ ಮೂರು ಅಂಕಿ ಇರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಅದನ್ನು ಬರೆದುಕೊಂಡು ಹೋದರೆ ಬೇರಿಂಗ್ ಅಂಗಡಿಯಲ್ಲೇ ಒಳ್ಳೆ ಸೀಲ್ ಸಿಗುತ್ತದೆ, ಯೆಜ್ಡಿ ಸೀಲ್ ಎಂದು ಕೇಳಬೇಕಾಗಿಲ್ಲ. ಸಿಕ್ಕರೆ ವಿಟಾನ್ ರಬ್ಬರಿನದು ತೆಗೆದುಕೊಳ್ಳಿ. ಬಿಸಿಯನ್ನೂ ಎಥನಾಲನ್ನೂ ಅದು ಹೆಚ್ಚು ತಡೆಯುತ್ತದೆ. ಹಳೆಯ ಸೀಲ್ ಯಾವ ಕಡೆ ಮುಖ ಮಾಡಿತ್ತು ಎಂದು ಫೋಟೋ ನೋಡಿ ಕೂರಿಸಿ. ಸಾಮಾನ್ಯವಾಗಿ ಸ್ಪ್ರಿಂಗ್ ಕಾಣುವ ಬದಿ ಕ್ರಾಂಕ್ ಕಡೆಗೆ. ಇನ್ನೊಂದು, ಶಾಫ್ಟಿನ ಮೇಲೆ ಹಳೆ ಸೀಲ್ ಉಜ್ಜಿ ಉಂಗುರದಂತೆ ಗೆರೆ ಬಿದ್ದಿದೆಯೇ ನೋಡಿ. ಉಗುರಿಗೆ ಸಿಗುವಷ್ಟು ಆಳವಿದ್ದರೆ ಹೊಸ ಸೀಲ್ ಹಾಕಿಯೂ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಒಂದು ಮಿ.ಮೀ. ಆಚೀಚೆ ಕೂರಿಸಿ, ಇಲ್ಲದಿದ್ದರೆ ತೆಳು ಸ್ಲೀವ್ ಹಾಕಿಸಿ.

ಬೇರಿಂಗಿನ ಮೇಲಿನ ನಂಬರಿನ ಪಕ್ಕ ಸಿ3 ಎಂದಿದ್ದರೆ ಅದನ್ನೂ ಬರೆದುಕೊಳ್ಳಿ. ಒಳಗೆ ಸ್ವಲ್ಪ ಹೆಚ್ಚು ಸಂದು ಇರುವ ಬೇರಿಂಗ್ ಅದು, ಕಾಯುವ ಎಂಜಿನ್ನಿಗೆ ಬೇಕು. ಹೊಸ ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿ ಇಡಿ. ನಮ್ಮ ಮನೆಯಲ್ಲಿ ಅದು ಬಟಾಣಿ ಪ್ಯಾಕೆಟ್ಟಿನ ಪಕ್ಕದಲ್ಲಿತ್ತು. ಬೆಳಗ್ಗೆ ಕೇಸನ್ನು ಬಿಸಿ ಮಾಡಿ, ತಣ್ಣನೆಯ ಬೇರಿಂಗ್ ಹಾಕಿದರೆ ಹೊಡೆಯದೆಯೇ ಕೂರುತ್ತದೆ. ಸೀಲನ್ನು ಕೇಸು ತಣ್ಣಗಾದ ಮೇಲೆ, ಬಾಯಿಗೆ ಗ್ರೀಸ್ ಸವರಿ ಹಾಕಿ.

ಜೋಡಿಸುವುದು

ಬಿಚ್ಚಿದ್ದರ ಉಲ್ಟಾ ಎಂದು ಎಲ್ಲ ಮ್ಯಾನುವಲ್‌ಗಳೂ ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಅಷ್ಟು ಸುಲಭ ಇಲ್ಲ.

ಕೇಸಿನ ಅಂಚುಗಳಿಂದ ಹಳೆ ಪ್ಯಾಕಿಂಗ್ ಪೂರ್ತಿ ತೆಗೆಯಿರಿ. ಸೀಲೆಂಟ್ ಹಚ್ಚುವುದಾದರೆ ತೆಳ್ಳಗೆ, ತುಪ್ಪ ಸವರಿದ ಹಾಗೆ. ಹೊರಗೆ ಹಿಂಡಿ ಬಂದಷ್ಟೇ ಒಳಗೂ ಹೋಗಿರುತ್ತದೆ ಎಂಬುದು ನೆನಪಿರಲಿ. ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಪ್ರತಿ ಸುತ್ತಿಗೂ ಕ್ರಾಂಕ್ ತಿರುಗಿಸಿ ನೋಡಿ. ಬಿಗಿ ಮಾಡಿದ ಮೇಲೆ ಕ್ರಾಂಕ್ ಬಿರುಸಾದರೆ ಮುಂದೆ ಹೋಗಬೇಡಿ. ಏನೋ ಓರೆಯಾಗಿ ಕೂತಿದೆ.

ರಿಂಗನ್ನು ಪಿಸ್ಟನ್ನಿಗೆ ಹಾಕುವ ಮುಂಚೆ ಬರೀ ರಿಂಗನ್ನೇ ಸಿಲಿಂಡರಿನೊಳಗೆ ಇಳಿಸಿ. ಪಿಸ್ಟನ್ ತಲೆಯಿಂದ ತಳ್ಳಿ ನೇರ ಮಾಡಿ, ಎರಡು ತುದಿಯ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ತುದಿಗಳು ಒಂದಕ್ಕೊಂದು ತಾಗುವಂತಿದ್ದರೆ ಕಾದಾಗ ರಿಂಗ್ ಸಿಲಿಂಡರನ್ನು ಗೀರುತ್ತದೆ. ನನ್ನದು 0.3 ಬಂತು, ಹಾಗೇ ಬಿಟ್ಟೆ. ರಿಂಗ್ ತುದಿಗಳು ಪಿಸ್ಟನ್ನಿನ ರಿಂಗ್ ತೋಡಿನಲ್ಲಿರುವ ಸಣ್ಣ ಪಿನ್ನಿಗೇ ಕೂರಬೇಕು. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗೆ. ಪಿಸ್ಟನ್ನನ್ನು ಗೀಸರಿನ ಬಿಸಿನೀರಿನಲ್ಲಿ ಐದು ನಿಮಿಷ ಮುಳುಗಿಸಿ ಒರೆಸಿದರೆ ಪಿನ್ ಬೆರಳಿನಲ್ಲೇ ಜಾರಿಕೊಂಡು ಹೋಗುತ್ತದೆ. ಸರ್ಕ್ಲಿಪ್ ಹೊಸದೇ ಹಾಕಿ. ಹಳೆಯದನ್ನು ಉಳಿಸಿ ಯಾರೂ ಶ್ರೀಮಂತರಾಗಿಲ್ಲ. ಸಿಲಿಂಡರಿನ ಕೆಳಗಿನ ಪ್ಯಾಕಿಂಗ್ ಹಳೆಯದರಷ್ಟೇ ದಪ್ಪ ಇರಲಿ. ದಪ್ಪ ಬದಲಾದರೆ ಪೋರ್ಟ್ ತೆರೆಯುವ ಹೊತ್ತೇ ಬದಲಾಗುತ್ತದೆ.

ಬಿಪಿ ಮೆಷಿನ್ ಪರೀಕ್ಷೆ

ಇದೊಂದನ್ನು ಮೊದಲ ಸಲವೇ ಮಾಡಿದ್ದರೆ ವಾಚ್‌ಮನ್ನಿಗೆ ಓಡುವ ಕೆಲಸ ಇರುತ್ತಿರಲಿಲ್ಲ.

ಎಂಜಿನ್ ಕಟ್ಟಿದ ಮೇಲೆ, ಕ್ಲಚ್ ಕವರ್ ಮತ್ತು ಡೈನಮೋ ಹಾಕುವ ಮೊದಲು, ಸೀಲ್‌ಗಳು ಕಣ್ಣಿಗೆ ಕಾಣುವಾಗಲೇ ಗಾಳಿ ತುಂಬಿ ನೋಡಬೇಕು. ಪಿಸ್ಟನ್ನನ್ನು ಪೂರ್ತಿ ಕೆಳಗೆ ಇಳಿಸಿ. ಆಗ ಸಿಲಿಂಡರಿಗೂ ಕ್ರಾಂಕ್‌ಕೇಸಿಗೂ ದಾರಿ ತೆರೆದಿರುತ್ತದೆ. ಕಾರ್ಬೊರೇಟರ್ ಕೂರುವ ಬಾಯಿಗೂ ಎರಡು ಸೈಲೆನ್ಸರ್ ಬಾಯಿಗೂ ಹಳೆ ಟ್ಯೂಬಿನ ರಬ್ಬರ್ ಇಟ್ಟು ಬಿಗಿಯಾಗಿ ಮುಚ್ಚಿ. ಒಂದು ಹಳೆ ಪ್ಲಗ್ಗಿನ ಒಳಗಿನ ಪಿಂಗಾಣಿ ಒಡೆದು ತೆಗೆದು, ಅದಕ್ಕೆ ಪೈಪ್ ನಿಪ್ಪಲ್ ಬೆಸುಗೆ ಹಾಕಿಸಿ. ಅದನ್ನು ಪ್ಲಗ್ ಜಾಗಕ್ಕೆ ತಿರುಗಿಸಿ ಬಿಪಿ ನೋಡುವ ಮೆಷಿನ್ನಿನ ರಬ್ಬರ್ ಬಲ್ಬ್ ಮತ್ತು ಮುಳ್ಳಿನ ಗಡಿಯಾರ ಜೋಡಿಸಿ. ಪಾದರಸದ ಹಳೆ ಮೆಷಿನ್ ಬೇಡ, ಡಯಲ್ ಇರುವುದು.

ಮೆಲ್ಲಗೆ 250ಕ್ಕೆ ಏರಿಸಿ. ಅಷ್ಟಕ್ಕೆ ಸೀಲ್‌ಗೆ ಏನೂ ಆಗದು, ಸುಮಾರು ಐದು ಪಿಎಸ್‌ಐ ಅಷ್ಟೇ. ಈಗ ಮುಳ್ಳು ನೋಡಿ. ನಿಮಿಷಕ್ಕೆ 50ರ ಒಳಗೆ ಇಳಿದರೆ ಚಿಂತೆ ಇಲ್ಲ. ಸರ್ರನೆ ಇಳಿದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಮೊದಲು ನೀವು ಮುಚ್ಚಿದ ಬಾಯಿಗಳನ್ನೇ ಅನುಮಾನಿಸಿ, ಆಮೇಲೆ ಸೀಲ್, ಆಮೇಲೆ ಕೇಸಿನ ಅಂಚು. ನನ್ನದು ಸಿಲಿಂಡರ್ ಬುಡದಲ್ಲಿ ಸಣ್ಣಗೆ ಗುಳ್ಳೆ ಬಿಟ್ಟಿತು. ಪ್ಯಾಕಿಂಗ್ ಬದಲಿಸಿದ ಮೇಲೆ ಮುಳ್ಳು ನಿಂತಿತು.

ಮೆಷಿನ್ ಅತ್ತೆಯದು. ವಾಪಸ್ ಕೊಟ್ಟಾಗ ಮೂಸಿ ನೋಡಿ, ಹೊಸದು ಕೊಡಿಸಪ್ಪ ಎಂದರು. ಕೊಡಿಸಿದೆ.

ಕರೆಂಟು ಮತ್ತು ಪೆಟ್ರೋಲ್

ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚಿನಂಥ ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.4 ಮಿ.ಮೀ. ಟೈಮಿಂಗ್ (ಕಿಡಿ ಹಾರುವ ಹೊತ್ತು) ಎಷ್ಟು ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ನಿಮ್ಮದರ ಮ್ಯಾನುವಲ್‌ನಲ್ಲಿ ಪಿಸ್ಟನ್ ತುತ್ತತುದಿಗಿಂತ ಇಷ್ಟು ಮಿ.ಮೀ. ಮೊದಲು ಎಂದು ಕೊಟ್ಟಿರುತ್ತಾರೆ. ವರ್ನಿಯರಿನ ಬಾಲದಿಂದ ಪಿಸ್ಟನ್ನಿನ ಆಳ ಅಳೆಯಬಹುದು. ಪಾಯಿಂಟ್ ತೆರೆಯುವ ಕ್ಷಣ ಹಿಡಿಯಲು ಅದಕ್ಕೆ ಅಡ್ಡಲಾಗಿ 6 ವೋಲ್ಟಿನ ಸಣ್ಣ ಬಲ್ಬ್ ಜೋಡಿಸಿ, ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದಾಗ ಬಲ್ಬ್ ಆರಿರುತ್ತದೆ, ತೆರೆದ ಕ್ಷಣ ಹತ್ತುತ್ತದೆ. ಕಂಡೆನ್ಸರ್ ಹೊಸದು ಹಾಕಿ, ಯೋಚನೆ ಮಾಡಬೇಡಿ.

ಕಾರ್ಬೊರೇಟರಿನ ಜೆಟ್ ಕಟ್ಟಿದ್ದರೆ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ. ಪೊರಕೆ ಕಡ್ಡಿಯ ಸಣ್ಣ ತುದಿ ಸಾಕು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಅದು ಹಳೆ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರುತ್ತದೆ. ಹಾಗಾಗಿ ಪೆಟ್ರೋಲ್ ಪೈಪು, ರಬ್ಬರ್ ವಾಶರ್ ಎಲ್ಲ ಹೊಸದು. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಕಾರ್ಬೊರೇಟರನ್ನು ಖಾಲಿ ಮಾಡಿ ನಿಲ್ಲಿಸಿ.

ಮೊದಲ ಕಿಕ್

ಗೇರ್ ಆಯಿಲ್ ಲೆವೆಲ್ ಸ್ಕ್ರೂವರೆಗೆ ತುಂಬಿ, ಆ ಮಟ್ಟವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಪೆಟ್ರೋಲಿಗೆ ಲೀಟರಿಗೆ 50 ಮಿ.ಲೀ. ಟೂಟಿ ಆಯಿಲ್ ಬೆರೆಸಿದೆ. 500 ಕಿ.ಮೀ. ಆದಮೇಲೆ 40ಕ್ಕೆ ಇಳಿಸಿದೆ. ಬೇರೆ ಕಡೆ ಕಲಸಿ ಆಮೇಲೆ ಟ್ಯಾಂಕಿಗೆ ಹಾಕಿ. ಟ್ಯಾಂಕಿನಲ್ಲೇ ಸುರಿದರೆ ಆಯಿಲ್ ತಳಕ್ಕೆ ಹೋಗಿ ಕೂರುತ್ತದೆ.

ಪ್ಲಗ್ ಬಿಚ್ಚಿ ಹತ್ತು ಕಿಕ್ ಸುಮ್ನೆ ಹೊಡೆಯಿರಿ. ಆಮೇಲೆ ಪ್ಲಗ್ ಹಾಕಿ, ಚೋಕ್ ಎಳೆದು ಹೊಡೆಯಿರಿ. ನನ್ನದು ಏಳನೇ ಕಿಕ್ಕಿಗೆ ಎದ್ದಿತು. ಜೋಡಿಸುವಾಗ ಸವರಿದ ಎಣ್ಣೆ ಸುಡುವವರೆಗೆ ಮೊದಲ ಐದು ನಿಮಿಷ ಹೊಗೆ ಬರುತ್ತದೆ. ಹೆದರಬೇಡಿ. ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಕೈ ಇಡುವಷ್ಟು ತಣ್ಣಗಾಗಲಿ. ಹೀಗೆ ಮೂರು ಸಲ. ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್‌ಗಳನ್ನು ಮತ್ತೊಮ್ಮೆ ಎದುರುಬದುರು ಬಿಗಿ ನೋಡಿ.

ಮೊದಲ ದಿನಗಳಲ್ಲಿ ಸಿಂಹಗಡದ ಘಾಟಿಗೆ ಹೋಗುವ ಆಸೆ ಬೇಡ. ಏರಿನಲ್ಲಿ ಎಂಜಿನ್ ಕಾಯುತ್ತದೆ. ನಾನು ಬೆಳಗ್ಗೆ ಆರಕ್ಕೆ ಎದ್ದು ದೇಹೂ ಕಡೆಯ ಸಪಾಟು ರಸ್ತೆಯಲ್ಲಿ ಓಡಿಸಿದೆ. ಒಂದೇ ಸ್ಪೀಡಿನಲ್ಲಿ ಅಲ್ಲ, ಆಕ್ಸಿಲರೇಟರ್ ಏರಿಸುತ್ತ ಇಳಿಸುತ್ತ. ಮನೆಗೆ ಬಂದು ಪ್ಲಗ್ ಬಿಚ್ಚಿ ನೋಡಿದರೆ ಒಳ್ಳೆ ಕಾಫಿಪುಡಿ ಬಣ್ಣ. ಬೂದಿಯಂತೆ ಬೆಳ್ಳಗಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಇಲ್ಲವೇ ಜೆಟ್ ಸಣ್ಣದಾಯಿತು, ಕೂಡಲೇ ಓಡಿಸುವುದು ನಿಲ್ಲಿಸಿ. ಒದ್ದೆಯಾಗಿ ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ.

ಐವತ್ತು ಕಿ.ಮೀ. ಆದಮೇಲೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಒಂದು ರಾತ್ರಿ ಬಿಟ್ಟು, ಲೆವೆಲ್ ಸ್ಕ್ರೂ ಬಿಚ್ಚಿ ನೋಡಿದೆ. ವಾಚ್‌ಮನ್ನೂ ಬಂದು ಪಕ್ಕದಲ್ಲಿ ಕೂತ. ಆಯಿಲ್ ತುಂಬಿದಾಗ ಎಲ್ಲಿತ್ತೋ ಅಲ್ಲೇ ಇತ್ತು.